ಗುಡ್ಡದ ಮೇಲಿನ ಒಂದೇ ಪೆಟ್ಟಿಗೆ

1996 ಆಗಸ್ಟ್ 19, ಸೋಮವಾರ

ರೇಡಿಯೋ ಸತ್ತಿದೆ. ಬೆಳಿಗ್ಗೆ ಎದ್ದು ಕಾಫಿಗೆ ನೀರಿಟ್ಟು ರೇಡಿಯೋ ಹಾಕಿದರೆ ಬರೀ ಗೊರಗೊರ. ಅಮೆರಿಕಕ್ಕೆಲ್ಲ ಅಧ್ಯಕ್ಷರ ಚುನಾವಣೆಯ ವರ್ಷ, ದೇಶದಲ್ಲಿ ಏನೇನೋ ನಡೆಯುತ್ತಿದೆ, ನನ್ನ ಅಡುಗೆಮನೆಯಲ್ಲಿ ಮಾತ್ರ ಗೊರಗೊರ.

ತಿಂಡಿಯ ಹೊತ್ತು ಮುಗಿದ ಮೇಲೆ ಡೆಲ್ ಪ್ರೂಯಿಟ್ ಬಂದ. ನಮ್ಮ ರೇಡಿಯೋ ಸಂಘದ ಅಧ್ಯಕ್ಷ. ಒಂದು ಕಾಲದಲ್ಲಿ ನನ್ನ ಪೌರನೀತಿ ಪಾಠಕ್ಕೆ ಕೂತು ನಿದ್ದೆ ಹೊಡೆಯುತ್ತಿದ್ದವನು, ಈಗ ಒಂದು ದೊಡ್ಡ ದನದ ಹಿಂಡಿನ ಯಜಮಾನ. ಆದರೂ ನನ್ನ ಮುಂದೆ ಟೋಪಿ ತೆಗೆದು ಬಾಗಿಲಲ್ಲೇ ನಿಲ್ಲುತ್ತಾನೆ.

"ನಿನ್ನೆ ಸಿಡಿಲು ಗುಡ್ಡದ ಮೇಲಿನ ಶೆಡ್ಡಿಗೇ ಹೊಡೆದಿದೆ ಟೀಚರ್. ಎರಡು ಪೆಟ್ಟಿಗೇಲಿ ಒಂದು ಕರಕಲು. ಇನ್ನೊಂದು ಹೆಂಗೋ ಉಳ್ಕೊಂಡಿದೆ, ಸರಿಮಾಡೋವರೆಗೂ ಅದೂ ಬಂದ್."

ಸುತ್ತ ಬೆಟ್ಟ ಇರುವ ನಮ್ಮ ಕಾರ್ವರ್ ಕಣಿವೆಗೆ ಯಾವ ಸ್ಟೇಷನ್ನೂ ತಾನಾಗಿ ಬಂದು ತಲುಪುವುದಿಲ್ಲ. ಹಾಗೆಂದೇ ಇಪ್ಪತ್ತು ವರ್ಷದ ಹಿಂದೆ ನಾವೇ ಸಂಘ ಕಟ್ಟಿಕೊಂಡು, ಡೆಲ್‌ನ ಅಪ್ಪನ ಕುದುರೆಗಳ ಮೇಲೆ ಹೊರೆಸಿ, ಆ ಎರಡು ಪೆಟ್ಟಿಗೆಗಳನ್ನು ನೆತ್ತಿಗೆ ಸಾಗಿಸಿದ್ದು. ಅಲ್ಲಿ ಗಾಳಿಯಲ್ಲಿ ಸಿಗುವುದನ್ನು ಹಿಡಿದು ಕೆಳಗೆ ನಮಗೆ ಬಿಡುತ್ತವೆ. ಒಂದು ಪೆಟ್ಟಿಗೆ ಯೂನಿವರ್ಸಿಟಿಯವರ ದೊಡ್ಡ ಸ್ಟೇಷನ್ನಿಗೆ, ಇನ್ನೊಂದು ಪೈಕ್‌ಟನ್‌ನವರ ಸ್ಟೇಷನ್ನಿಗೆ, ನಮ್ಮ ಬಾಯಲ್ಲಿ ಅದು ಬರೀ ಗುಡ್ಡದಾಚೆ. ವರ್ಷಕ್ಕೊಮ್ಮೆ ಮನೆಯಲ್ಲಿ ಸುಟ್ಟ ಹಣ್ಣಿನ ಪೈಗಳನ್ನು ಹರಾಜು ಹಾಕಿ ಬಂದ ಹಣವನ್ನು ಎರಡೂ ಸ್ಟೇಷನ್ನಿಗೆ ಅರ್ಧರ್ಧ ಕಳಿಸುತ್ತೇವೆ. ಸರ್ಕಾರ ಕೊಡುವುದು ಅಷ್ಟಕ್ಕಷ್ಟೆ, ಜಾಹೀರಾತು ಹಾಕುವಂತಿಲ್ಲ, ಕೇಳುವವರು ಕೊಟ್ಟರೆ ಮಾತ್ರ ಅವರ ಬಾಯಿ ನಡೆಯುತ್ತದೆ.

ಸುಟ್ಟ ಪೆಟ್ಟಿಗೆಯ ಬಿಡಿಭಾಗ ಈಗ ಯಾರೂ ಮಾಡುವುದಿಲ್ಲವಂತೆ. ಹೊಸದು ತರಲು ಸರ್ಕಾರದ ಅನುಮತಿ, ಅದು ಇದು, ಸದ್ಯಕ್ಕಂತೂ ಆಗದ ಮಾತು. ಇರುವ ಒಂದೇ ಪೆಟ್ಟಿಗೆಯಲ್ಲಿ ಒಂದೇ ಸ್ಟೇಷನ್. ಹರಾಜಿನ ಹಣವೂ ಇನ್ನು ಮೇಲೆ ಅದಕ್ಕೊಂದಕ್ಕೇ. ಯಾವುದು ಅಂತ ಸಭೆ ಸೇರಿ ಮತ ಹಾಕಬೇಕು.

ಇದರಲ್ಲಿ ಮತ ಹಾಕುವಂಥದ್ದು ಏನಿದೆ ಎಂದೆ. ಒಂದು ಕಡೆ ದೇಶದ ಸುದ್ದಿ, ಪ್ರಪಂಚದ ಸುದ್ದಿ, ವಿಚಾರ. ಇನ್ನೊಂದು ಕಡೆ ಪಿಟೀಲು ಕುಯ್ಯುವುದು, ಕಳೆದುಹೋದ ನಾಯಿಯ ಬಣ್ಣ ಹೇಳುವುದು. ಡೆಲ್ ಟೋಪಿಯ ಅಂಚು ಸವರುತ್ತ, "ನಾನೇನೋ ನಿಮ್ಮ ಕಡೇನೇ ಟೀಚರ್" ಎಂದ.

ಆಗಸ್ಟ್ 21, ಬುಧವಾರ

ಇವತ್ತು ಕಿರ್ಸ್ಟನ್ ಬರುವ ದಿನ. ನನ್ನ ಗಂಡ ಆರ್ಲೋಗೆ ಮತ್ತೆ ಮಾತು ಕಲಿಸಲು ಆಸ್ಪತ್ರೆಯಿಂದ ವಾರಕ್ಕೊಮ್ಮೆ ಬರುವ ಹುಡುಗಿ. ಏಪ್ರಿಲ್‌ನಲ್ಲಿ ಹೊಡೆದ ಪಾರ್ಶ್ವವಾಯು ಅವನ ಬಲಗೈಯನ್ನೂ ಮಾತನ್ನೂ ಒಟ್ಟಿಗೇ ಕಸಿದುಕೊಂಡಿತು. ಗಂಟಲಿನಿಂದ ಒಂದು "ಹೂಂ" ಬರುತ್ತದೆ. ಅದು ಹೌದಾ ಅಲ್ಲವಾ ಅಂತ ಅವನಿಗೇ ಗೊತ್ತಿರುವಂತೆ ಕಾಣುವುದಿಲ್ಲ. ಮೊದಲ ತಿಂಗಳುಗಳಲ್ಲಿ ಹೌದು-ಅಲ್ಲ ಅದಲುಬದಲಾಗುತ್ತದೆ ಎಂದು ಕಿರ್ಸ್ಟನ್‌ಳೇ ಹೇಳಿದ್ದಳು. ಆಮೇಲೆ ನಾನು ಕೇಳುವುದನ್ನೇ ಬಿಟ್ಟೆ.

ಈ ವಾರ ಹೇಗಿತ್ತು ಎಂದು ಅವಳು ಆರ್ಲೋನನ್ನು ಕೇಳಿದಳು. ಚೆನ್ನಾಗಿತ್ತು, ರೇಡಿಯೋ ಇಲ್ಲದೆ ಬೇಸರ ಪಡುತ್ತಿದ್ದಾನೆ ಎಂದೆ. ಊಟ ಸೇರುತ್ತದಾ ಎಂದಳು. ಆಲೂಗಡ್ಡೆ ಸೇರುತ್ತದೆ, ಬೀನ್ಸ್ ಸೇರುವುದಿಲ್ಲ ಎಂದೆ.

"ಅವರೇ ಹೇಳ್ಲಿ, ವರ್ನಾ" ಎಂದಳು ನಗುತ್ತ.

"ಅವನು ಹೇಳೋವರೆಗೂ ಕಾಯ್ತಾ ಕೂತ್ರೆ ನೀನು ಇಲ್ಲೇ ರಾತ್ರಿ ಊಟ ಮಾಡ್ಬೇಕಾಗುತ್ತೆ" ಎಂದೆ. ಅವಳು ನಗಲಿಲ್ಲ. ಚಿಕ್ಕವರಿಗೆ ತಮಾಷೆ ತಿಳಿಯುವುದಿಲ್ಲ.

ಆಗಸ್ಟ್ 25, ಭಾನುವಾರ

ಚರ್ಚಿನ ಮೆಟ್ಟಿಲ ಮೇಲೆ ಸಂಘದವರು ಸೇರಿ ಒಪ್ಪಂದಕ್ಕೆ ಬಂದರು. ಸಭೆಗೆ ಮುಂಚೆ ಒಂದು ವಾರ ದೊಡ್ಡ ಸ್ಟೇಷನ್, ಒಂದು ವಾರ ಗುಡ್ಡದಾಚೆ. ಎಲ್ಲರೂ ಎರಡನ್ನೂ ಕೇಳಿ ನೋಡಲಿ, ಆಮೇಲೆ ಮತ. ಮೊದಲು ಯಾವುದು ಎಂದು ಡೆಲ್ ನಾಣ್ಯ ಚಿಮ್ಮಿಸಿದ. ನನ್ನದು ಬಂತು.

ಮಧ್ಯಾಹ್ನ ಅವನು ಗುಡ್ಡ ಹತ್ತಿ ಪೆಟ್ಟಿಗೆ ಸರಿಮಾಡಿದ. ಐದು ಗಂಟೆಗೆ ಸರಿಯಾಗಿ ನನ್ನ ಸುದ್ದಿ ಬಂತು. ಸುದ್ದಿ ಓದುವ ಆ ಹೆಂಗಸಿನ ದನಿ ಅಡುಗೆಮನೆಗೆ ಬಂದ ಕೂಡಲೇ ಕುರ್ಚಿಯಲ್ಲಿ ಕುಸಿದು ಕೂತೆ. ಕಣ್ಣಲ್ಲಿ ನೀರು ಬಂತು ಅಂದರೆ ಯಾರೂ ನಂಬುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಏಪ್ರಿಲ್‌ನಿಂದ ಈ ಮನೆಯಲ್ಲಿ ಪೂರ್ತಿ ವಾಕ್ಯ ಮಾತಾಡುವವರು ಅಂದರೆ ನಾನು ಮತ್ತು ರೇಡಿಯೋದವರು. ನಾನು ಹೇಳಿದ್ದಕ್ಕೆ ಅವರು ಉತ್ತರ ಕೊಡುವುದಿಲ್ಲ ನಿಜ, ಆದರೆ ಅವರ ಮಾತಿಗೆ ನಾನಾದರೂ ಉತ್ತರ ಕೊಡಬಹುದು. ಈ ದನಿಯೂ ಹೋದರೆ ನನಗೆ ಹುಚ್ಚು ಹಿಡಿಯುತ್ತದೆ. ಸುಮ್ಮನೆ ಆಡುವ ಮಾತಲ್ಲ ಇದು.

ಆಗಸ್ಟ್ 28, ಬುಧವಾರ

ಆರ್ಲೋನ ಎಡಗೈ ಚುರುಕಾಗುತ್ತಿದೆ. ಎರಡು ದಿನದಿಂದ ಅವನು ಗಾಲಿಕುರ್ಚಿಯನ್ನು ತಾನೇ ತಳ್ಳಿಕೊಂಡು ರೇಡಿಯೋ ಹತ್ತಿರ ಬಂದು ಗುಂಡಿ ತಿರುಗಿಸುತ್ತಾನೆ. ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ, ನಿಧಾನವಾಗಿ, ತಲೆ ಓರೆ ಮಾಡಿಕೊಂಡು. ಸುದ್ದಿ ಹೋಗಿ ಗೊರಗೊರ ಬರುತ್ತದೆ. ನಾನು ಹೋಗಿ ಸರಿಮಾಡಿ ಬಂದರೆ ಐದು ನಿಮಿಷಕ್ಕೆ ಮತ್ತೆ ಶುರು. ಬೆರಳಿಗೆ ಒಳ್ಳೆಯ ವ್ಯಾಯಾಮ ಎಂದು ಕಿರ್ಸ್ಟನ್ ಹತ್ತಿರ ಹೇಳಿಕೊಂಡೆ. ಅವಳಿಗೂ ಸಂತೋಷವಾಯಿತು.

ಇಲ್ಲಿಯವರೆಗೂ ಸುದ್ದಿ ಬರುವಾಗ ಸುಮ್ಮನೆ ಕಿಟಕಿ ನೋಡುತ್ತ ಕೂರುತ್ತಿದ್ದ. ಅಂತೂ ಏನೋ ಒಂದರಲ್ಲಿ ಆಸಕ್ತಿ ಬಂದಿದೆಯಲ್ಲ.

ಆಗಸ್ಟ್ 30, ಶುಕ್ರವಾರ

ವ್ಯಾಯಾಮ ಅತಿಯಾಯಿತು. ಐದು ಗಂಟೆಯ ಸುದ್ದಿಯ ನಟ್ಟನಡುವೆ ಗುಂಡಿ ತಿರುಗಿಸಿದ. ಸಾಕು ಮಾಡು ಎಂದು ಕೂಗಿದೆ. ರೇಡಿಯೋ ಎತ್ತಿ ಫ್ರಿಜ್ಜಿನ ಮೇಲಿಟ್ಟೆ. ಅವನು ಫ್ರಿಜ್ಜನ್ನೇ ನೋಡುತ್ತ ಕೂತ.

ಸೆಪ್ಟೆಂಬರ್ 1, ಭಾನುವಾರ

ಡೆಲ್ ಮತ್ತೆ ಗುಡ್ಡ ಹತ್ತಿದ. ಇವತ್ತಿನಿಂದ ಗುಡ್ಡದಾಚೆಯವರ ವಾರ. ಈ ವಾರ ಬಾಯಿ ಮುಚ್ಚಿಕೊಂಡು ಇರುತ್ತೇನೆ ಎಂದು ತೀರ್ಮಾನ ಮಾಡಿದ್ದೇನೆ. ನ್ಯಾಯ ಎಂದರೆ ನ್ಯಾಯ. ರೇಡಿಯೋ ಇಳಿಸಿ ಮೇಜಿನ ಮೇಲಿಟ್ಟು, ಪೈಕ್‌ಟನ್‌ಗೆ ತಿರುಗಿಸಿ, ಹಾಗೇ ಬಿಟ್ಟೆ. ಒಬ್ಬಾತ ಅಕಾರ್ಡಿಯನ್ ಬಾರಿಸುತ್ತಿದ್ದ. ತನಗಾಗಿಯೇ ಬಾರಿಸಿಕೊಳ್ಳುತ್ತಿದ್ದ ಎನಿಸಿತು.

ಸೆಪ್ಟೆಂಬರ್ 3, ಮಂಗಳವಾರ

ಈ ಸ್ಟೇಷನ್ನಿನಲ್ಲಿ ಸಂಬಳಕ್ಕೆ ಇರುವವರು ಒಬ್ಬರೋ ಇಬ್ಬರೋ. ಉಳಿದವರೆಲ್ಲ ಊರವರೇ. ಅದು ಗೊತ್ತಾಗುತ್ತದೆ. ಅಲ್ಲಿನ ದಂತವೈದ್ಯ ಪಿಟೀಲಿನ ರೆಕಾರ್ಡು ಹಾಕುತ್ತಾನೆ, ಮಧ್ಯೆ ಮರೆತು ಕೆಮ್ಮುತ್ತಾನೆ. ಒಬ್ಬಳು ಹುಡುಗಿ ಹವಾಮಾನ ಓದಲು ಹೋಗಿ, ಕಿಟಕಿಯಿಂದ ನೋಡಿ, "ಇಲ್ಲ, ಮಳೆ ಇನ್ನೂ ಬಂದಿಲ್ಲ" ಎಂದಳು.

ಎಲ್ಲಕ್ಕಿಂತ ಮೇಲಾದದ್ದು ಬೆಳಗಿನ ಕೊಡು-ಕೊಳ್ಳು ಕಾರ್ಯಕ್ರಮ. ಮೇವಿಸ್ ಟಕೆಟ್ ಎಂಬ ಮುದುಕಿ ನಡೆಸುತ್ತಾಳೆ. ಜನ ಫೋನ್ ಮಾಡಿ ಹೇಳುತ್ತಾರೆ: ಟ್ರಾಕ್ಟರಿನ ಟಯರ್ ಇದೆ, ಮೊಲದ ಗೂಡು ಬೇಕು, ಮದುವೆಯ ಗೌನು ಇದೆ, ಒಂದೇ ಸಲ ಹಾಕಿದ್ದು, ಅದೂ ಪೂರ್ತಿ ದಿನ ಅಲ್ಲ. ಮೇವಿಸ್ ಎಲ್ಲರನ್ನೂ ಅವರ ಅಜ್ಜನ ಕಾಲದಿಂದ ವಿಚಾರಿಸುತ್ತಾಳೆ. ಗೌನಿನವಳನ್ನು ಮಾತ್ರ ಏನೂ ಕೇಳಲಿಲ್ಲ, ಅಷ್ಟು ಮರ್ಯಾದೆ ಅವಳಿಗೂ ಇದೆ. ಇಂಥದ್ದಕ್ಕೆ ಊರಿನ ಒಂದೇ ಪೆಟ್ಟಿಗೆಯನ್ನು ಬಿಟ್ಟುಕೊಡಬೇಕಂತೆ.

ಆರ್ಲೋ ಸೋಮಾರಿಯಾಗಿದ್ದಾನೆ. ಭಾನುವಾರದಿಂದ ಗುಂಡಿಯನ್ನು ಮುಟ್ಟಿಯೇ ಇಲ್ಲ. ಬೆಳಿಗ್ಗೆ ಕಾಫಿ ಹಿಡಿದು ರೇಡಿಯೋ ಮುಂದೆ ಕೂತವನು ಅಲ್ಲಿಂದ ಅಲುಗುವುದಿಲ್ಲ. ಬೆರಳು ಆಡಿಸು ಎಂದರೆ ಕೈ ಎತ್ತಿ ನನ್ನನ್ನೇ ಸುಮ್ಮನಿರು ಎನ್ನುವ ಹಾಗೆ ಮಾಡಿದ.

ಸೆಪ್ಟೆಂಬರ್ 4, ಬುಧವಾರ

ಬೀನ್ಸ್ ತಿಂದ. ತಟ್ಟೆ ಖಾಲಿ ಮಾಡಿದ. ಏನಾಗಿದೆಯೋ.

ಸೆಪ್ಟೆಂಬರ್ 5, ಗುರುವಾರ

ಆದದ್ದನ್ನು ಆದ ಹಾಗೇ ಬರೆದುಬಿಡುತ್ತೇನೆ.

ಬೆಳಿಗ್ಗೆ ನಾನು ಪಾತ್ರೆ ತೊಳೆಯುತ್ತಿದ್ದೆ. ಮೇವಿಸ್ ಯಾವುದೋ ಕೋಳಿಯ ವ್ಯವಹಾರ ಮುಗಿಸಿ, ಚಹಾ ಗುಟುಕರಿಸುವ ಸದ್ದು ಮಾಡಿ, ಹೀಗೆಂದಳು:

"ಈ ವಾರ ಕಾರ್ವರ್ ಕಣಿವೆಯವರೂ ಮತ್ತೆ ನಮ್ಮನ್ನ ಕೇಳ್ತಾ ಇದಾರಂತೆ. ಹಾಗಾದ್ರೆ ಆರ್ಲೋ ಹಾಗ್ಲಂಡ್, ನೀನು ಕೇಳ್ತಾ ಇರ್ತೀಯ, ನಂಗೊತ್ತು. ಹುಷಾರಿಲ್ಲ ಅಂತ ಗೊತ್ತಾಯ್ತು ಕಣಪ್ಪ. ನೀನು ಫೋನ್ ಮಾಡ್ದೆ ಇರೋ ಗುರುವಾರ ಅಂದ್ರೆ ಏನೋ ಒಂಥರಾ. ನಿನ್ನ ಆ ಹಳೇ ಪಂಪು ಇಷ್ಟು ವರ್ಷ ಆದ್ರೂ ಯಾರೂ ಕೊಳ್ಳಲಿಲ್ಲ, ಈಗ ಎಲ್ಲರೂ ಅದನ್ನೇ ಕೇಳ್ತಾರೆ, ಪಂಪಿನವರು ಹೇಗಿದಾರೆ ಅಂತ. ಮಾತಾಡೋಕೆ ಆಗ್ದಿದ್ರೆ ಪರವಾಗಿಲ್ಲ, ಕೇಳ್ಸ್ಕೋ. ನಾವಿಲ್ಲೇ ಇದೀವಿ."

ಅಷ್ಟೆ. ಆಮೇಲೆ ಯಾರದೋ ಏಣಿ.

ತಿರುಗಿ ನೋಡಿದೆ. ಆರ್ಲೋ ಎಡಗೈಯನ್ನು ರೇಡಿಯೋ ಮೇಲೆ ಅಂಗೈ ಚಾಚಿ ಇಟ್ಟಿದ್ದ. ಕಣ್ಣೀರು ಒರೆಸಿಕೊಳ್ಳುತ್ತಲೂ ಇರಲಿಲ್ಲ.

ಅವನು ಹಿತ್ತಲ ಶೆಡ್ಡಿನಲ್ಲಿ ಕೆಲಸ ಮಾಡುವಾಗ ರೇಡಿಯೋ ಕೇಳುತ್ತಾನೆ ಎಂದು ಗೊತ್ತಿತ್ತು. ಏನು ಕೇಳುತ್ತಾನೆ ಎಂದು ಯಾವತ್ತೂ ಕೇಳಿರಲಿಲ್ಲ. ಗುರುವಾರ ನಾನು ಸ್ಕೂಲಿನಲ್ಲಿ ಇರುತ್ತಿದ್ದೆ. ನಿವೃತ್ತಿ ಆದ ಮೇಲೆ ಗುರುವಾರ ಲೈಬ್ರರಿಯಲ್ಲಿ. ಶೆಡ್ಡಿಗೆ ನಾಲ್ಕು ಮೆಟ್ಟಿಲು ಹತ್ತಬೇಕು, ಏಪ್ರಿಲ್‌ನಿಂದ ಅವನು ಅಲ್ಲಿಗೆ ಹೋಗಿಲ್ಲ. ಏಪ್ರಿಲ್‌ನಿಂದ ನಾನು ಅವನನ್ನು ನನ್ನ ಸುದ್ದಿಯ ಮುಂದೆ ಕೂರಿಸಿದ್ದೇನೆ.

ಅವನು ಬೆರಳಿಗೆ ವ್ಯಾಯಾಮ ಮಾಡುತ್ತಿರಲಿಲ್ಲ. ಹುಡುಕುತ್ತಿದ್ದ. ನಾನು ಪ್ರತಿ ಸಲ ಎದ್ದು ಹೋಗಿ ಅವನ ಕೈಯಿಂದ ಕಿತ್ತುಕೊಂಡು ಬರುತ್ತಿದ್ದೆ. ಕೊನೆಗೆ ಫ್ರಿಜ್ಜಿನ ಮೇಲಿಟ್ಟೆ.

ಎಷ್ಟು ನಾಚಿಕೆಯಾಗುತ್ತಿದೆ ಎಂದರೆ ಅಡುಗೆಮನೆಗೆ ಹೋಗಲು ಆಗುತ್ತಿಲ್ಲ.

ಸೆಪ್ಟೆಂಬರ್ 6, ಶುಕ್ರವಾರ

ಪೋಸ್ಟಾಫೀಸಿಗೆ ಹೋದೆ. ಕೌಂಟರಿನಲ್ಲಿರುವ ಇನೆಜ್ ಕಾಗದ ವಿಂಗಡಿಸುತ್ತ ಲೆಕ್ಕ ಹೇಳಿದಳು. ಅವಳಿಗೆ ಯಾರು ಯಾವ ಕಡೆ ಎಂದು ಬೆರಳ ತುದಿಯಲ್ಲಿದೆ. ನಿಮ್ಮ ಮನೆಯ ಎರಡೂ ಮತ ದೊಡ್ಡ ಸ್ಟೇಷನ್ನಿಗೆ ಎಂದು ಹಿಡಿದರೆ ನೀವು ಗೆದ್ದ ಹಾಗೇ ಎಂದಳು. ಎರಡೂ ಎಂದು ಯಾರು ಹೇಳಿದ್ದು ಎಂದೆ.

"ನೀವೇ ಅಲ್ವಾ ಟೀಚರ್, ಕಳೆದ ವಾರ. ಆ ಸುದ್ದಿ ಕೇಳಿದ್ರೆ ಆರ್ಲೋಗೆ ಸಮಾಧಾನ ಅಂದ್ರಿ."

ಹೇಳಿದ್ದೆ. ಅವಳಿಗಷ್ಟೇ ಅಲ್ಲ, ಅಂಗಡಿಯಲ್ಲಿ, ಚರ್ಚಿನಲ್ಲಿ, ಡೆಲ್‌ಗೆ, ಎಲ್ಲ ಕಡೆ ಹೇಳಿದ್ದೆ. ಪೇಪರ್ ತೆಗೆದುಕೊಂಡು ಬಂದೆ. ಇಲ್ಲಿಗೆ ಪೇಪರ್ ಒಂದು ದಿನ ತಡವಾಗಿ ಬರುತ್ತದೆ. ಅಷ್ಟು ಹಳಸಿದ ಸುದ್ದಿಯನ್ನು ಓದುವುದೆಂದರೆ ನನಗೆ ಆಗುವುದಿಲ್ಲ.

ಇನ್ನೊಂದು ಯೋಚನೆ ಕಾಡುತ್ತಿದೆ. ನಮ್ಮ ಸಂಘದಲ್ಲಿ ಕೈ ಎತ್ತುವುದಿಲ್ಲ, ಚೀಟಿ ಹಾಕುವುದಿಲ್ಲ. ಪ್ರತಿಯೊಬ್ಬರೂ ಎದ್ದು ತಮ್ಮ ಮತವನ್ನು ತಮ್ಮ ಬಾಯಿಂದಲೇ ಹೇಳಬೇಕು. ಆ ನಿಯಮ ಬರೆದವಳು ನಾನು. ಊರಿನ ಎದುರು ಹೇಳಿದ್ದಕ್ಕೆ ಮರುದಿನ ಊರಿನಲ್ಲಿ ನಿಂತು ಜವಾಬು ಕೊಡಬೇಕು, ಅದೇ ಪ್ರಜಾಪ್ರಭುತ್ವ ಎಂದು ಆಗ ದೊಡ್ಡದಾಗಿ ಭಾಷಣ ಬಿಗಿದಿದ್ದೆ. ಆರ್ಲೋ ಆಗ ಹಿಂದಿನ ಸಾಲಿನಲ್ಲಿ ಕೂತು ಕಣ್ಣು ಹೊಡೆದಿದ್ದ.

ಸೆಪ್ಟೆಂಬರ್ 8, ಭಾನುವಾರ

ಕೇಳಿಯೇಬಿಟ್ಟೆ. ಕುರ್ಚಿ ಎಳೆದುಕೊಂಡು ಅವನ ಎದುರು ಕೂತು, ಕಿರ್ಸ್ಟನ್ ಮಾಡುವ ಹಾಗೆ ಎರಡು ಸಲ ಬೇರೆ ಬೇರೆ ರೀತಿ ಕೇಳಿದೆ. ದೊಡ್ಡ ಸ್ಟೇಷನ್ ಬೇಕಾ? ತಲೆ ಅಡ್ಡಡ್ಡ. ಗುಡ್ಡದಾಚೆ ಬೇಕಾ? ತಲೆ ಉದ್ದುದ್ದ. ಗುಡ್ಡದಾಚೆ ಬೇಡ್ವಾ? ಅಡ್ಡಡ್ಡ, ಸ್ವಲ್ಪ ಸಿಟ್ಟಿನಿಂದ. ಏನೂ ಅದಲುಬದಲಾಗಿಲ್ಲ. ಎಷ್ಟು ತಿಂಗಳಿಂದ ಆಗಿಲ್ಲವೋ.

ನನಗೆ ದೊಡ್ಡದೇ ಬೇಕು, ಗೊತ್ತಲ್ಲ ಎಂದೆ. ಗೊತ್ತು ಎನ್ನುವ ಹಾಗೆ ತಲೆಯಾಡಿಸಿದ. ಆಮೇಲೆ ಎಡಗೈಯಿಂದ ನನ್ನನ್ನು ತೋರಿಸಿ, ಭುಜ ಕುಣಿಸಿದ. ನಿನಗೆ ಹೇಗೆ ಬೇಕೋ ಹಾಗೆ ಹೇಳು ಎಂದು. ಅದಕ್ಕಿಂತ ಅವನು ಜಗಳ ಆಡಿದ್ದರೆ ಚೆನ್ನಾಗಿತ್ತು.

ಸೆಪ್ಟೆಂಬರ್ 9, ಸೋಮವಾರ

ಅವನೇ ಬಿಟ್ಟುಕೊಟ್ಟ ಮೇಲೆ ನಾನು ತೆಗೆದುಕೊಂಡರೆ ಏನು ತಪ್ಪು? ದಿನಕ್ಕೆ ಒಂದು ಗಂಟೆ ನನಗೂ ಒಂದು ದನಿ ಬೇಡವಾ? ಸ್ನಾನ ಮಾಡಿಸುವವಳು ನಾನು, ಅಂಗಿಯ ಗುಂಡಿ ಹಾಕುವವಳು ನಾನು, ಮಾಂಸ ಸಣ್ಣಗೆ ಕತ್ತರಿಸುವವಳು ನಾನು. ದಣಿದಿದ್ದೇನೆ. ಅವನ ಮೇಲೆ ಸಿಟ್ಟಿದೆ, ಕಾಯಿಲೆ ಬಿದ್ದದ್ದಕ್ಕೆ. ಬರೆದರೆ ಎಷ್ಟು ಕೆಟ್ಟದಾಗಿ ಕಾಣುತ್ತದೆ. ಆದರೂ ಸಿಟ್ಟಿದೆ.

ಸೆಪ್ಟೆಂಬರ್ 10, ಮಂಗಳವಾರ

ಸಭೆ ಅಗ್ನಿಶಾಮಕ ದಳದವರ ಸಭಾಂಗಣದಲ್ಲಿ. ಆರ್ಲೋನ ಕುರ್ಚಿ ಹಿಡಿಸಲಿ ಎಂದು ಬಾಗಿಲ ಹತ್ತಿರ, ಮೇಜಿನ ಕೊನೆಯಲ್ಲಿ ಕೂತೆವು. ಎರಡೂ ಸ್ಟೇಷನ್ನಿನವರು ತಮ್ಮ ತಮ್ಮ ಪರವಾಗಿ ಮಾತು ಕಳಿಸಿದ್ದರು. ದೊಡ್ಡವರು ಅಂದವಾದ ಬಟ್ಟೆ ಚೀಲಗಳನ್ನೂ ಕಾಫಿ ಮಗ್ಗುಗಳನ್ನೂ ಕಳಿಸಿದ್ದರು. ಗುಡ್ಡದಾಚೆಯಿಂದ ದಂತವೈದ್ಯನೇ ಬಂದಿದ್ದ. ಹಕಲ್‌ಬೆರಿ ಹಣ್ಣಿನ ಪೈ ತಂದಿದ್ದ, ಅದೂ ದಾರಿಯಲ್ಲಿ ಅರ್ಧ ಚೆಲ್ಲಿತ್ತು.

ಮೇಜಿನ ಆ ತುದಿಯಿಂದ ಒಬ್ಬೊಬ್ಬರೇ ಎದ್ದು ಹೇಳುತ್ತ ಬಂದರು. ಇನೆಜ್ ಕಾಫಿಯ ಮಗ್ಗು ಕೈಯಲ್ಲಿ ಹಿಡಿದುಕೊಂಡೇ ಗುಡ್ಡದಾಚೆ ಎಂದಳು. ಅವಳ ಮೇಲೆ ಯಾವ ಚೀಲವೂ ಕೆಲಸ ಮಾಡುವುದಿಲ್ಲ. ಕೊನೆಗೆ ನಮ್ಮ ಹತ್ತಿರ ಬರುವಾಗ ಗುಡ್ಡದಾಚೆಗೆ ಐದು, ನಮ್ಮದಕ್ಕೆ ನಾಲ್ಕು. ಅಧ್ಯಕ್ಷನಾದ ಡೆಲ್ ಮಾತ್ರ ಹೇಳುವಂತಿಲ್ಲ, ಸಮ ಬಂದರೆ ಮಾತ್ರ ಅವನ ಮಾತು. ನಾನು ಎದ್ದೆ. "ದೊಡ್ಡ ಸ್ಟೇಷನ್" ಎಂದೆ. ಐದು, ಐದು.

"ಆರ್ಲೋದು?" ಎಂದ ಡೆಲ್.

ಆಗ ಲೈಲ್ ಎಂಬ ನಮ್ಮ ಕೆಳಗಿನ ಮನೆಯವನು ಗಂಟಲು ಸರಿಮಾಡಿಕೊಂಡ. ದೊಡ್ಡ ಸ್ಟೇಷನ್ನಿಗೆ ಹೇಳಿದವರಲ್ಲಿ ಅವನೂ ಒಬ್ಬ. ಕೆಟ್ಟವನಲ್ಲ, ನಿಯಮದ ಮನುಷ್ಯ. ಬೇಜಾರು ಮಾಡಿಕೊಳ್ಳಬೇಡಿ, ಆದರೆ ತಮ್ಮ ಬಾಯಿಂದಲೇ ಹೇಳಬೇಕು ಎಂದು ನಿಯಮ ಇದೆ, ಬಾಯಿಂದ ಹೇಳಲು ಆಗದವರದ್ದು ಲೆಕ್ಕಕ್ಕೆ ಬರುವುದಿಲ್ಲ ಎಂದ. ಯಾರೋ ಹೌದಲ್ಲ ಎಂದರು. ಡೆಲ್ ನನ್ನ ಮುಖ ನೋಡಿದ. ಅವನ ಕಣ್ಣಲ್ಲಿ ಇದ್ದದ್ದು ನನಗೆ ಸ್ಪಷ್ಟವಾಗಿ ಕಂಡಿತು: ಸುಮ್ಮನೆ ಇರಿ ಟೀಚರ್. ಸಮ ಬಂದರೆ ಅವನ ಮತ. ಅವನು ನನ್ನ ಕಡೆ.

ಸುಮ್ಮನೆ ಇದ್ದರೆ ಸಾಕಿತ್ತು. ನಾನು ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. ನನ್ನದೇ ನಿಯಮ ನನಗಾಗಿ ಕೆಲಸ ಮಾಡುತ್ತಿತ್ತು. ಆರ್ಲೋ ನನ್ನ ಮಂಡಿಯ ಮೇಲೆ ಕೈಯಿಟ್ಟು ಮೆಲ್ಲಗೆ ಎರಡು ಸಲ ತಟ್ಟಿದ, ಹೋಗಲಿ ಬಿಡು ಎನ್ನುವ ಹಾಗೆ. ಅಷ್ಟು ಸುಲಭವಾಗಿ ಅವನು ತನ್ನನ್ನು ಬಿಟ್ಟುಕೊಡುವುದು ನೋಡಿ ನನಗೆ ಎಲ್ಲಿಲ್ಲದ ಕೋಪ ಬಂತು.

ಎದ್ದು ನಿಂತೆ. ಸ್ಕೂಲಿನ ದನಿಯೇ ಬಂತು.

"ಲೈಲ್, ಆ ನಿಯಮ ಬರೆದಿದ್ದು ನಾನು. ಜನ ಬಚ್ಚಿಟ್ಕೋಬಾರದು ಅಂತ ಬರೆದಿದ್ದು. ಆರ್ಲೋ ಏನನ್ನೂ ಬಚ್ಚಿಡ್ತಾ ಇಲ್ಲ. ಬಚ್ಚಿಟ್ಟಿದ್ದು ನಾನು. ಊರಿಗೆಲ್ಲ ಅವನಿಗೆ ದೊಡ್ಡ ಸ್ಟೇಷನ್ನೇ ಇಷ್ಟ ಅಂತ ಹೇಳ್ಕೊಂಡು ಬಂದೆ. ಅವನನ್ನ ಕೇಳಿರಲೇ ಇಲ್ಲ. ಭಾನುವಾರ ಕೇಳ್ದೆ. ಅವನ ಮತ ಗುಡ್ಡದಾಚೆಗೆ. ಬಾಯಿ ನನ್ನದು, ಮತ ಅವನದು. ಯಾರಿಗಾದ್ರೂ ಅನುಮಾನ ಇದ್ರೆ ಅವನನ್ನೇ ಕೇಳಿ, ನನ್ನ ಮುಖ ನೋಡ್ಬೇಡಿ."

ಡೆಲ್ ಎದ್ದು ಬಂದು, ಆರ್ಲೋನ ಕುರ್ಚಿಯ ಮುಂದೆ ಮಂಡಿಯೂರಿ ಕೂತ. "ಹಂಗೇನಾ ಆರ್ಲೋ? ಗುಡ್ಡದಾಚೆನಾ?" ಎಂದು ಕೇಳಿದ. ಏಪ್ರಿಲ್‌ನಿಂದ ಈ ಊರಿನಲ್ಲಿ ಯಾರೂ ಅವನನ್ನು ನೇರವಾಗಿ ಏನನ್ನೂ ಕೇಳಿರಲಿಲ್ಲ. ನಾನು ಪಕ್ಕದಲ್ಲಿ ಇರುತ್ತಿದ್ದೆನಲ್ಲ, ನನ್ನನ್ನೇ ಕೇಳುತ್ತಿದ್ದರು.

ಆರ್ಲೋ ನನ್ನ ಕಡೆ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಡೆಲ್‌ನ ಕಡೆ ತಿರುಗಿ, "ಹೂಂ" ಎಂದ. ಆ ಹೂಂ ಯಾವುದೆಂದು ಸಭೆಯಲ್ಲಿದ್ದ ಎಲ್ಲರಿಗೂ ತಿಳಿಯಿತು. ಲೈಲ್‌ಗೂ ತಿಳಿಯಿತು, ಬರೆದುಕೊಳ್ಳಿ ಎಂದು ಅವನೇ ಹೇಳಿದ.

ಆರು, ಐದು. ಒಂದು ಮತದಲ್ಲಿ ಸೋತೆ.

ಸೆಪ್ಟೆಂಬರ್ 11, ಬುಧವಾರ

ಡೆಲ್ ಗುಡ್ಡ ಹತ್ತಬೇಕಾಗಿಯೇ ಇರಲಿಲ್ಲ, ಪೆಟ್ಟಿಗೆ ಅಲ್ಲಿಗೇ ತಿರುಗಿತ್ತು. ಐದು ಗಂಟೆಗೆ ಅಕಾರ್ಡಿಯನ್. ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆಗಳನ್ನೇ ಮತ್ತೆ ಕೊಡವಿದೆ.

ಕಿರ್ಸ್ಟನ್ ಬಂದಿದ್ದಳು. ಈ ವಾರ ಹೇಗಿತ್ತು ಎಂದು ಆರ್ಲೋನನ್ನು ಕೇಳಿದಳು. ನಾನು ಪೈ ಕತ್ತರಿಸುತ್ತಿದ್ದೆ, ಸುಮ್ಮನಿದ್ದೆ. ಅವನು ತುಂಬ ಹೊತ್ತು ತೆಗೆದುಕೊಂಡ. ಅವಳು ಆಮೇಲೆ ನಮ್ಮಲ್ಲೇ ಊಟ ಮಾಡಿಕೊಂಡು ಹೋದಳು.

ಸೆಪ್ಟೆಂಬರ್ 19, ಗುರುವಾರ

ಒಂದು ವಾರ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಸುದ್ದಿ ಇಲ್ಲದ ಸಂಜೆಗಳು, ಅಷ್ಟೆ. ನಾಲ್ಕೂವರೆ ಆದರೆ ಗಡಿಯಾರ ನೋಡಿ, ಏನಾದರೂ ಕೆಲಸ ಹುಡುಕಿಕೊಂಡು ಹಿತ್ತಲಿಗೆ ಹೋಗುತ್ತೇನೆ.

ಇವತ್ತು ಮೇವಿಸ್‌ಗೆ ಫೋನ್ ಮಾಡಿದೆ. ಹರಾಜಿನ ಹಣ ಈ ವರ್ಷ ಪೂರ್ತಿ ನಿಮಗೇ ಎಂದು ತಿಳಿಸಲು, ಅಷ್ಟಕ್ಕೇ. ಅವಳು ನನ್ನನ್ನು ನೇರ ಪ್ರಸಾರಕ್ಕೇ ಎಳೆದುಕೊಂಡಳು. ಪಂಪಿನವರು ಹೇಗಿದಾರೆ ಎಂದು ಕೇಳಿದಳು. ತಾಳಿ, ಕೇಳಿ ಹೇಳ್ತೀನಿ ಎಂದು ಫೋನ್ ಕೆಳಗಿಟ್ಟು ಆರ್ಲೋನ ಹತ್ತಿರ ಹೋದೆ. ನಾನು ಅಡುಗೆಮನೆ ತಲುಪಿ, ಅವನು ಕೈ ಅಲ್ಲಾಡಿಸಿದ್ದನ್ನು ನೋಡಿ ವಾಪಸ್ ಬರುವವರೆಗೂ ಅವಳು ರೇಡಿಯೋದಲ್ಲಿ ಏನೂ ಹಾಕದೆ ಖಾಲಿ ಬಿಟ್ಟಳಂತೆ. ದೊಡ್ಡ ಸ್ಟೇಷನ್ನಿನಲ್ಲಿ ಇಂಥದ್ದು ಆಗುವುದಿಲ್ಲ. ಒಂದು ಕ್ಷಣ ಖಾಲಿ ಬಿಡುವುದಿಲ್ಲ ಅವರು.

ಸಂಜೆ ಬಟಾಣಿ ಬಿಡಿಸುತ್ತ ಕೂತಿದ್ದೆ. ಐದು ಗಂಟೆಗೆ ಆರ್ಲೋ ಕುರ್ಚಿ ತಳ್ಳಿಕೊಂಡು ಬಂದು ರೇಡಿಯೋ ನಿಲ್ಲಿಸಿದ. ಅವನಿಗೆ ಅಷ್ಟು ಇಷ್ಟವಾದ ಪಿಟೀಲು ಬರುತ್ತಿತ್ತು, ಆದರೂ ನಿಲ್ಲಿಸಿದ. ಯಾಕೆ ಎಂದೆ. ಮೇಜಿನ ಮೇಲಿದ್ದ ಪೇಪರನ್ನು ಎಡಗೈಯಿಂದ ನನ್ನ ಕಡೆ ತಳ್ಳಿ, ಕಾದು ಕೂತ.

ನಿನ್ನೆಯ ಪೇಪರ್ ಅದು ಎಂದೆ. ಮತ್ತೂ ತಳ್ಳಿದ.

ಕನ್ನಡಕ ಹಾಕಿಕೊಂಡು ಅವನಿಗೆ ಗಟ್ಟಿಯಾಗಿ ಓದಿದೆ. ಮೊದಲ ಪುಟ ಪೂರ್ತಿ, ಆಮೇಲೆ ಸಂಪಾದಕೀಯ, ಆಮೇಲೆ ದನದ ಧಾರಣೆಯವರೆಗೂ. ಹೊರಗೆ ಕತ್ತಲಾಗುತ್ತ ಬಂತು, ಬಟಾಣಿ ಹಾಗೇ ಉಳಿಯಿತು. ಹುಲ್ಲುಗಾವಲಿನ ತೆರಿಗೆಯ ವಿಷಯ ಬಂದಾಗ ಆರ್ಲೋ ಮೇಜು ಕುಟ್ಟಿದ. ಒಪ್ಪಲಿಲ್ಲ ಅವನು. ಯಾಕೆ ಒಪ್ಪಬೇಕು ಎಂದು ನಾನು ಒಂದೊಂದಾಗಿ ಬಿಡಿಸಿ ಹೇಳಿದೆ. ತಲೆ ಅಡ್ಡಡ್ಡ. ಮತ್ತೆ ಹೇಳಿದೆ. ಮತ್ತೆ ಕುಟ್ಟಿದ, ಈ ಸಲ ನನ್ನ ಚಹಾ ಚೆಲ್ಲುವಷ್ಟು ಜೋರಾಗಿ.

ಅವನು ಹೇಳುವುದು ಶುದ್ಧ ತಪ್ಪು. ನಾಳೆ ಮತ್ತೆ ಹೇಳುತ್ತೇನೆ.